ಬರೆಯುತ್ತಿರುವಾಗಲೇ ಕರೆಂಟು ಹೋದರೆ ರೇಡ್ ಡೇಟಾ ಉಳಿಯುತ್ತದೆಯೇ?

ಪ್ರಶ್ನೆ: ನನ್ನ ಬಳಿ ನಾಲ್ಕು ಹಾರ್ಡ್ ಡಿಸ್ಕ್‌ಗಳ ರೇಡ್ 5 ಇದೆ, ಅಂದರೆ ಒಂದು ಡಿಸ್ಕ್ ಸತ್ತರೂ ಡೇಟಾ ಉಳಿಯುವಂತೆ ನಾಲ್ಕನ್ನೂ ಒಂದಾಗಿ ಜೋಡಿಸಿದ್ದೇನೆ. ಲಿನಕ್ಸ್‌ನ ಎಂಡಿ ಸಾಫ್ಟ್‌ವೇರ್ ರೇಡ್, ಅದರ ಮೇಲೆ ಇಎಕ್ಸ್‌ಟಿ4 ಫೈಲ್ ಸಿಸ್ಟಮ್. ದೊಡ್ಡ ಫೈಲುಗಳನ್ನು ಕಾಪಿ ಮಾಡುತ್ತಿದ್ದಾಗ ಎರಡು ಸಲ ಕರೆಂಟು ಹೋಯಿತು. ಎರಡೂ ಸಲ ಮಷೀನು ಎದ್ದ ಮೇಲೆ ರೀಸಿಂಕ್ (ಡಿಸ್ಕ್‌ಗಳನ್ನು ಮತ್ತೆ ಹೊಂದಿಸುವ ಕೆಲಸ) ಓಡಿತು, ಫೈಲುಗಳೆಲ್ಲ ಸರಿಯಾಗಿಯೇ ಕಂಡವು. ಫೈಲ್ ಸಿಸ್ಟಮ್‌ಗೆ ಜರ್ನಲ್ (ಬರೆಯಲು ಹೊರಟದ್ದನ್ನು ಮೊದಲೇ ಗುರುತು ಹಾಕಿಕೊಳ್ಳುವ ಪುಸ್ತಕ) ಇದೆಯಲ್ಲ, ಭಯ ಬೇಡ ಅನ್ನುತ್ತಾನೆ ಗೆಳೆಯ. ಬ್ಯಾಟರಿ ಇರುವ ರೇಡ್ ಕಾರ್ಡ್ ಇಲ್ಲದೆ ರೇಡ್ 5 ಮುಟ್ಟಲೇಬೇಡಿ ಅನ್ನುತ್ತಾರೆ ಇನ್ನೊಬ್ಬರು. ಒಂದು ಯುಪಿಎಸ್ ತಂದರೆ ಸಾಕೇ?

ಉತ್ತರ: ಯುಪಿಎಸ್ ತನ್ನಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೊಂದೇ ಸಾಲದು. ನಿಮ್ಮ ಗೆಳೆಯರು ನಂಬಿರುವ ಜರ್ನಲ್‌ಗಂತೂ ಈ ಅಪಾಯ ಕಾಣಿಸುವುದೇ ಇಲ್ಲ.

ಕರೆಂಟು ಹೋದಾಗ ಬರೆಯುತ್ತಿದ್ದ ಫೈಲು ಅರ್ಧಕ್ಕೆ ನಿಲ್ಲುವುದು ಎಲ್ಲರೂ ಊಹಿಸುವ ನಷ್ಟ. ಅದನ್ನು ಇನ್ನೊಮ್ಮೆ ಕಾಪಿ ಮಾಡಿದರಾಯಿತು. ರೇಡ್ 5ರಲ್ಲಿ ನನ್ನನ್ನು ಕಾಡುವುದು ಬೇರೆ ಸಂಗತಿ. ಆ ಹೊತ್ತಿಗೆ ಯಾರೂ ಮುಟ್ಟದೆ ಇದ್ದ, ವರ್ಷದ ಹಿಂದೆ ಬರೆದಿಟ್ಟ ಫೈಲು ಕೆಡಬಹುದು. ಯಾವ ಎಚ್ಚರಿಕೆಯೂ ಬರುವುದಿಲ್ಲ. ಇದಕ್ಕೆ ರೈಟ್ ಹೋಲ್ ಎಂದು ಹೆಸರು. ಇದನ್ನು ಒಂದು ಸಲ ಬಿಟ್ ಬಿಟ್ಟಾಗಿ ಲೆಕ್ಕ ಹಾಕಿ ನೋಡಿದವರಿಗೆ ಮುಂದಿನ ನಿರ್ಧಾರಗಳೆಲ್ಲ ಸಲೀಸು. ಹಾಗಾಗಿ ಅದನ್ನೇ ಮೊದಲು ಮಾಡೋಣ.

ನಿಮ್ಮ ನಾಲ್ಕು ಡಿಸ್ಕ್‌ಗಳ ಒಂದು ಸ್ಟ್ರೈಪ್, ಅಂದರೆ ನಾಲ್ಕರ ಮೇಲೂ ಹರಡಿದ ಒಂದು ಅಡ್ಡಪಟ್ಟಿ, ತೆಗೆದುಕೊಳ್ಳಿ. ಮೂರರಲ್ಲಿ ಡೇಟಾ, ನಾಲ್ಕನೆಯದರಲ್ಲಿ ಪ್ಯಾರಿಟಿ. ಲೆಕ್ಕ ಸುಲಭವಾಗಲೆಂದು ಪ್ರತಿ ಡಿಸ್ಕ್‌ನಲ್ಲಿ ನಾಲ್ಕೇ ಬಿಟ್ ಇವೆ ಅಂದುಕೊಳ್ಳಿ. ಕ ಡಿಸ್ಕ್‌ನಲ್ಲಿ 1010, ಖದಲ್ಲಿ 0110, ಗದಲ್ಲಿ 0011. ಪ್ಯಾರಿಟಿ ಅಂದರೆ ಇವುಗಳ ಎಕ್ಸ್‌ಆರ್: ಒಂದು ಕಾಲಮ್ಮಿನಲ್ಲಿ ಒಂದುಗಳ ಸಂಖ್ಯೆ ಬೆಸವಾಗಿದ್ದರೆ 1, ಸಮವಾಗಿದ್ದರೆ 0. ಕೂಡಿ ನೋಡಿದರೆ ಪ್ಯಾರಿಟಿ 1111 ಬರುತ್ತದೆ. ಈಗ ಕ ಡಿಸ್ಕ್‌ನಲ್ಲಿರುವ ಫೈಲನ್ನು ನೀವು ತಿದ್ದುತ್ತೀರಿ, 1010 ಇದ್ದದ್ದು 1000 ಆಗಬೇಕು. ಪ್ಯಾರಿಟಿಯೂ ಅದಕ್ಕೆ ತಕ್ಕಂತೆ 1101 ಆಗಬೇಕು. ಇವು ಎರಡು ಬೇರೆ ಬೇರೆ ಡಿಸ್ಕ್‌ಗಳ ಮೇಲಿನ ಎರಡು ಬೇರೆ ಬರವಣಿಗೆ. ಎರಡೂ ಒಂದೇ ಕ್ಷಣಕ್ಕೆ ಮುಗಿಯುತ್ತವೆ ಎಂದು ಯಾರೂ ಭರವಸೆ ಕೊಡಲಾರರು. ಕ ಬರೆದಾಯಿತು, ಪ್ಯಾರಿಟಿ ಬರೆಯುವ ಮೊದಲೇ ಕರೆಂಟು ಹೋಯಿತು. ಪ್ಯಾರಿಟಿ ಹಳೆಯ 1111 ಆಗಿಯೇ ಉಳಿಯಿತು.

ಮಷೀನು ಮತ್ತೆ ಎದ್ದಾಗ ಖ ಡಿಸ್ಕ್ ಏಳಲಿಲ್ಲ ಅನ್ನಿ. ರೇಡ್ ತನ್ನ ಕೆಲಸ ಮಾಡುತ್ತದೆ. ಉಳಿದ ಮೂರರಿಂದ, ಅಂದರೆ 1000, 0011 ಮತ್ತು 1111ರಿಂದ, ಖವನ್ನು ಲೆಕ್ಕ ಹಾಕಿ ತೆಗೆಯುತ್ತದೆ. ಬರುವ ಉತ್ತರ 0100. ಅಲ್ಲಿ ನಿಜವಾಗಿ ಇದ್ದದ್ದು 0110. ಕದಲ್ಲಿ ಯಾವ ಬಿಟ್ ಬದಲಾಗಿತ್ತೋ ಖದಲ್ಲಿ ಅದೇ ಬಿಟ್ ಕೆಟ್ಟಿದೆ. ಖ ಡಿಸ್ಕ್‌ನಲ್ಲಿದ್ದ ಫೈಲನ್ನು ಯಾರೂ ತೆರೆದಿರಲಿಲ್ಲ, ಆದರೂ ಮಾಡದ ತಪ್ಪಿಗೆ ದಂಡ ತೆತ್ತಿದ್ದು ಅದು. ಫೈಲಿನ ಹೆಸರು, ಗಾತ್ರ, ದಿನಾಂಕ ಎಲ್ಲವೂ ಇದ್ದ ಹಾಗೇ ಇರುತ್ತವೆ, ಒಳಗಿನ ಡೇಟಾ ಮಾತ್ರ ಬೇರೆ.

ಜರ್ನಲ್‌ಗೆ ಇದು ಯಾಕೆ ಕಾಣುವುದಿಲ್ಲ ಎಂಬುದು ಈಗ ಸ್ಪಷ್ಟವಾಗಿರಬೇಕು. ಇಎಕ್ಸ್‌ಟಿ4ರ ಜರ್ನಲ್ ತಾನು ಬರೆಯಲು ಹೊರಟದ್ದರ ಲೆಕ್ಕ ಮಾತ್ರ ಇಡುತ್ತದೆ, ಅದರಲ್ಲೂ ಮಾಮೂಲಿ ಸೆಟ್ಟಿಂಗ್‌ನಲ್ಲಿ ಮೆಟಾಡೇಟಾದ್ದು (ಹೆಸರು, ಗಾತ್ರ, ಜಾಗದಂಥ ವಿವರಗಳದ್ದು) ಮಾತ್ರ. ಖದಲ್ಲಿದ್ದ ಬ್ಲಾಕ್ ಯಾವ ಟ್ರಾನ್ಸಾಕ್ಷನ್‌ನಲ್ಲೂ ಇರಲಿಲ್ಲ. ಮೇಲಾಗಿ ಇಎಕ್ಸ್‌ಟಿ4 ಫೈಲಿನ ಒಳಗಿನ ಡೇಟಾಕ್ಕೆ ಚೆಕ್‌ಸಮ್ (ಡೇಟಾ ಬದಲಾಗಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ಇಡುವುದಿಲ್ಲ, ಹಾಗಾಗಿ ಓದುವಾಗಲೂ ಅದಕ್ಕೆ ಅನುಮಾನ ಬರುವುದಿಲ್ಲ.

ಹಾಗಾದರೆ ಎರಡು ಸಲ ನೀವು ಪಾರಾದದ್ದು ಹೇಗೆ? ನಾಲ್ಕೂ ಡಿಸ್ಕ್ ಎದ್ದು ಬಂದವು, ರೀಸಿಂಕ್ ಪೂರ್ತಿ ಓಡಿತು, ಅದಕ್ಕೆ. ರೀಸಿಂಕ್ ಅಂದರೆ ಡೇಟಾ ಡಿಸ್ಕ್‌ಗಳಲ್ಲಿ ಇರುವುದನ್ನೇ ನಂಬಿ ಪ್ಯಾರಿಟಿಯನ್ನು ಹೊಸದಾಗಿ ಬರೆಯುವುದು. ಅದು ಮುಗಿದ ಕೂಡಲೇ ಆ ಸ್ಟ್ರೈಪ್‌ನ ತೂತು ಮುಚ್ಚಿತು. ಕರೆಂಟು ಹೋದ ಗಳಿಗೆಯಿಂದ ರೀಸಿಂಕ್ ಮುಗಿಯುವವರೆಗೆ ಮಾತ್ರ ಬಾಗಿಲು ತೆರೆದಿರುತ್ತದೆ. ಆದರೆ ಆ ಅವಧಿ ಸಣ್ಣದೇನಲ್ಲ. 8 ಟೆರಾಬೈಟ್‌ನ ಡಿಸ್ಕನ್ನು ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ಓದಿದರೂ ಪೂರ್ತಿ ರೀಸಿಂಕ್‌ಗೆ ಸುಮಾರು 15 ಗಂಟೆ ಬೇಕು. ವರ್ಷಗಟ್ಟಲೆ ನಿಲ್ಲದೆ ತಿರುಗಿದ ಹಳೆಯ ಡಿಸ್ಕ್ ಕೈಕೊಡುವುದೂ ಬಹಳ ಸಲ ಇಂಥ ಹೊತ್ತಿನಲ್ಲೇ, ದಿಢೀರನೆ ನಿಂತು ಮತ್ತೆ ತಿರುಗಲು ಹೊರಟಾಗ. ಎರಡು ಅವಘಡ ಒಟ್ಟಿಗೆ ಬರುವುದು ಅಪರೂಪ ಎಂಬ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ. ಒಂದೇ ಕಾರಣ ಎರಡನ್ನೂ ತರುತ್ತದೆ.

ರೈಟ್ ಇಂಟೆಂಟ್ ಬಿಟ್‌ಮ್ಯಾಪ್ ಎಂಬುದು ಈ ಅವಧಿಯನ್ನು ಮೊಟಕು ಮಾಡುತ್ತದೆ. ಯಾವ ಯಾವ ಭಾಗದಲ್ಲಿ ಬರವಣಿಗೆ ನಡೆಯುತ್ತಿತ್ತು ಎಂದು ಮೊದಲೇ ಗುರುತು ಹಾಕಿಟ್ಟಿರುವುದರಿಂದ ಅಷ್ಟನ್ನೇ ರೀಸಿಂಕ್ ಮಾಡಿದರೆ ಸಾಕು. ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯುತ್ತದೆ. ಆದರೆ ಒಂದು ಡಿಸ್ಕ್ ಆಗಲೇ ಹೋಗಿ ಅರೇ (ಡಿಸ್ಕ್‌ಗಳ ಈ ಗುಂಪು) ಡಿಗ್ರೇಡ್ ಆಗಿದ್ದಾಗ ಕರೆಂಟು ಹೋದರೆ ಬಿಟ್‌ಮ್ಯಾಪ್ ಏನೂ ಮಾಡಲಾರದು. ಸರಿಯಾದ ಪ್ಯಾರಿಟಿ ಬರೆಯಲು ಬೇಕಾದ ಡೇಟಾವೇ ಆಗ ಇರುವುದಿಲ್ಲ.

ರೇಡ್ 6ಕ್ಕೂ ಇದೇ ತೊಂದರೆ ಉಂಟು, ಅಲ್ಲಿ ಎರಡು ಪ್ಯಾರಿಟಿ ಹಳೆಯದಾಗಿ ಉಳಿಯಬಹುದು. ಪ್ಯಾರಿಟಿಯ ಬದಲು ಡೇಟಾದ ಇನ್ನೊಂದು ಪ್ರತಿಯನ್ನೇ ಇಡುವ ರೇಡ್ 1 ಮತ್ತು ರೇಡ್ 10ರಲ್ಲಿ ಆ ಪ್ರತಿಗಳು ಒಂದು ಹಳೆಯದು ಒಂದು ಹೊಸದು ಆಗಬಹುದು, ಆದರೆ ಸಂಬಂಧವಿಲ್ಲದ ಪಕ್ಕದ ಬ್ಲಾಕ್ ಕೆಡುವುದಿಲ್ಲ. ನಾಲ್ಕು ಡಿಸ್ಕ್ ಇರುವವರು ಜಾಗಕ್ಕೆ ತೀರಾ ಕಷ್ಟವಿಲ್ಲದಿದ್ದರೆ ರೇಡ್ 10 ಇಟ್ಟುಕೊಳ್ಳಲಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಇನ್ನು ಡಿಸ್ಕ್‌ಗಳ ವಿಷಯ. ರೇಡ್ ಎಷ್ಟೇ ಜಾಣತನ ಮಾಡಿದರೂ ಕೆಳಗಿನ ಡಿಸ್ಕ್ ‘ಬರೆದಾಯಿತು’ ಎಂದು ಹೇಳಿದ ಮಾತು ಸುಳ್ಳಾದರೆ ಎಲ್ಲವೂ ವ್ಯರ್ಥ. ನೀವು ಒಂದು ಫೈಲು ಕಾಪಿ ಮಾಡಿ ಪರದೆಯ ಮೇಲೆ ಮುಗಿಯಿತು ಎಂದು ನೋಡುವಾಗ ಆ ಡೇಟಾ ಎಲ್ಲಿರುತ್ತದೆ? ಬಹುಪಾಲು ರ್‍ಯಾಮ್‌ನಲ್ಲಿ. ಲಿನಕ್ಸ್‌ನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಬರೆಯಬೇಕಾದ ಪುಟ 30 ಸೆಕೆಂಡ್ ಹಳೆಯದಾದ ಮೇಲೆ ಅದನ್ನು ಡಿಸ್ಕ್‌ಗೆ ಕಳಿಸುವ ಸರದಿ ಬರುತ್ತದೆ. ಇಎಕ್ಸ್‌ಟಿ4 ತನ್ನ ಜರ್ನಲನ್ನು 5 ಸೆಕೆಂಡಿಗೊಮ್ಮೆ ಕಮಿಟ್ ಮಾಡುತ್ತದೆ. ಡಿಸ್ಕ್‌ಗೆ ತಲುಪಿದ ಮೇಲೂ ಅದು ಮೊದಲು ಸೇರುವುದು ಡಿಸ್ಕ್‌ನ ಸ್ವಂತ ಕ್ಯಾಶ್ ಮೆಮೊರಿಯನ್ನು. ಈಗಿನ ದೊಡ್ಡ ಡಿಸ್ಕ್‌ಗಳಲ್ಲಿ ಈ ಕ್ಯಾಶ್ 256 ಮೆಗಾಬೈಟ್ ಇರುವುದು ಸಾಮಾನ್ಯ. ಕರೆಂಟು ಹೋದರೆ ಅದೂ ಖಾಲಿ.

ಕರೆಂಟು ಹೋದ ಮೇಲೆ ಸಿಗುವ ಸಮಯ ಎಷ್ಟು ಗೊತ್ತೇ? ಮಾಮೂಲಿ ಪಿಸಿ ಪವರ್ ಸಪ್ಲೈ ಪೂರ್ಣ ಹೊರೆಯಲ್ಲಿ ಸುಮಾರು 16 ಮಿಲಿಸೆಕೆಂಡ್ ತಡೆದುಕೊಳ್ಳುವಂತೆ ರೂಪಿಸಿರುತ್ತಾರೆ. 7200 ಆರ್‌ಪಿಎಂ ಡಿಸ್ಕ್ ಒಂದು ಸುತ್ತು ತಿರುಗಲು 8.33 ಮಿಲಿಸೆಕೆಂಡ್ ಬೇಕು. ಅಂದರೆ ಎರಡು ಸುತ್ತು ಮುಗಿಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ತಿರುಗುತ್ತಿರುವ ತಟ್ಟೆಯ ವೇಗದಿಂದಲೇ ಒಂದಿಷ್ಟು ವಿದ್ಯುತ್ ಹುಟ್ಟಿಸಿಕೊಂಡು ಡಿಸ್ಕ್ ತನ್ನ ಹೆಡ್ಡನ್ನು ಸುರಕ್ಷಿತ ಜಾಗಕ್ಕೆ ಎಳೆದುಕೊಳ್ಳುತ್ತದೆ. ಕ್ಯಾಶ್‌ನಲ್ಲಿದ್ದದ್ದನ್ನೆಲ್ಲ ಜಾಗ ಹುಡುಕಿ ಹುಡುಕಿ ಬರೆಯುವಷ್ಟು ಪುರುಸೊತ್ತು ಅದಕ್ಕಿಲ್ಲ.

ಇದಕ್ಕೆ ಇರುವ ಮದ್ದು ಫ್ಲಶ್ ಆದೇಶ. ಫೈಲ್ ಸಿಸ್ಟಮ್ ತನಗೆ ಮುಖ್ಯವಾದ ಘಟ್ಟಗಳಲ್ಲಿ ಕ್ಯಾಶನ್ನೆಲ್ಲ ತಟ್ಟೆಗೆ ಇಳಿಸು ಎಂದು ಡಿಸ್ಕ್‌ಗೆ ಹೇಳಿ, ಅದು ಮುಗಿಯುವವರೆಗೆ ಕಾಯುತ್ತದೆ. ಇಎಕ್ಸ್‌ಟಿ4ರಲ್ಲಿ ಇದಕ್ಕೆ ಬ್ಯಾರಿಯರ್ ಎಂದು ಹೆಸರು, ಮೊದಲಿನಿಂದಲೂ ಆನ್ ಆಗಿಯೇ ಇರುತ್ತದೆ. ವೇಗ ಹೆಚ್ಚಿಸಲು ಬ್ಯಾರಿಯರ್ ಆಫ್ ಮಾಡಿ ಎಂಬ ಸಲಹೆ ಎಲ್ಲಾದರೂ ಕಂಡರೆ ದಯವಿಟ್ಟು ಅದನ್ನು ಪಾಲಿಸಬೇಡಿ. ಡಿಸ್ಕ್‌ನ ರೈಟ್ ಕ್ಯಾಶನ್ನೇ ಹೆಚ್‌ಡಿಪಾರ್ಮ್ ಎಂಬ ಕಮಾಂಡಿನಿಂದ ಆಫ್ ಮಾಡುವುದು ಇನ್ನೂ ಬಿಗಿಯಾದ ದಾರಿ. ಸಣ್ಣ ಬರವಣಿಗೆಗಳು ನಿಧಾನವಾಗುವುದು ನಿಮಗೇ ಗೊತ್ತಾಗುತ್ತದೆ, ಆದರೆ ಡಿಸ್ಕ್ ಹೇಳುವ ಮಾತು ನಿಜವಾಗುತ್ತದೆ. ಕೆಲವು ಡಿಸ್ಕ್‌ಗಳು ಪ್ರತಿ ಸಲ ಆನ್ ಆದಾಗಲೂ ಈ ಸೆಟ್ಟಿಂಗನ್ನು ಮರೆಯುತ್ತವೆ, ಆದ್ದರಿಂದ ಬೂಟ್ ಆಗುವಾಗಲೇ ಓಡುವಂತೆ ಬರೆದಿಡಿ.

ಎಸ್‌ಎಸ್‌ಡಿ ಹಾಕಿಕೊಂಡರೆ ಈ ತಾಪತ್ರಯ ತಪ್ಪೀತು ಅಂದುಕೊಂಡರೆ ಇನ್ನೊಂದು ಹಳ್ಳಕ್ಕೆ ಬಿದ್ದಂತೆ. ಯಾವ ಬ್ಲಾಕ್ ಯಾವ ಫ್ಲ್ಯಾಶ್ ಪುಟದಲ್ಲಿದೆ ಎಂಬ ನಕ್ಷೆಯನ್ನು ಎಸ್‌ಎಸ್‌ಡಿ ತನ್ನ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಆ ನಕ್ಷೆ ಬರೆಯುವ ಮಧ್ಯೆ ಕರೆಂಟು ಹೋದರೆ ಹಳೆಯ ಡೇಟಾ ಕೂಡ ಕೈಗೆ ಸಿಗದೆ ಹೋಗಬಹುದು. ಒಂದೇ ಸೆಲ್‌ನಲ್ಲಿ ಒಂದಕ್ಕಿಂತ ಹೆಚ್ಚು ಬಿಟ್ ಇಡುವ ಫ್ಲ್ಯಾಶ್‌ನಲ್ಲಿ ಎರಡನೆಯ ಬಿಟ್ ಬರೆಯುವಾಗ ಅಡ್ಡಿಯಾದರೆ ಮೊದಲೇ ಬರೆದಿದ್ದ ಬಿಟ್ ಸಹ ಕೆಡುವ ಸಂಭವ ಇದೆ. 2013ರಲ್ಲಿ ಫಾಸ್ಟ್ ಎಂಬ ಸ್ಟೋರೇಜ್ ಸಮ್ಮೇಳನದಲ್ಲಿ ಮಂಡನೆಯಾದ ಒಂದು ಅಧ್ಯಯನದಲ್ಲಿ 15 ಎಸ್‌ಎಸ್‌ಡಿಗಳ ಕರೆಂಟನ್ನು ಬೇಕೆಂದೇ ಮತ್ತೆ ಮತ್ತೆ ಕಿತ್ತು ನೋಡಿದ್ದರು. 13ರಲ್ಲಿ ಒಂದಲ್ಲ ಒಂದು ಬಗೆಯ ಎಡವಟ್ಟು ಕಂಡಿತು. ಎಸ್‌ಎಸ್‌ಡಿ ಕೊಳ್ಳುವಾಗ ಪವರ್ ಲಾಸ್ ಪ್ರೊಟೆಕ್ಷನ್ ಇದೆಯೇ ಎಂದು ನೋಡಿ. ಅದಿದ್ದರೆ ಬೋರ್ಡಿನ ಮೇಲೆ ಕೆಪಾಸಿಟರ್‌ಗಳ ಸಾಲೇ ಇರುತ್ತದೆ, ಕೈಯಲ್ಲಿರುವುದನ್ನು ಬರೆದು ಮುಗಿಸುವಷ್ಟು ಶಕ್ತಿ ಅವುಗಳಲ್ಲಿರುತ್ತದೆ.

ಬ್ಯಾಟರಿ ಇರುವ ರೇಡ್ ಕಾರ್ಡ್ ಒಳ್ಳೆಯ ಸಾಧನವೇ. ಬರೆಯಬೇಕಾದದ್ದನ್ನು ತನ್ನ ಮೆಮೊರಿಯಲ್ಲಿ ಹಿಡಿದಿಟ್ಟುಕೊಂಡು, ಕರೆಂಟು ಬಂದ ಮೇಲೆ ಡೇಟಾ ಮತ್ತು ಪ್ಯಾರಿಟಿ ಎರಡನ್ನೂ ಬರೆದು ಮುಗಿಸುತ್ತದೆ. ಬ್ಯಾಟರಿಯದಾದರೆ ಇದು ಎರಡು ಮೂರು ದಿನದ ಮಾತು. ಸೂಪರ್‌ಕೆಪಾಸಿಟರ್ ಬಳಸಿ ಫ್ಲ್ಯಾಶ್‌ಗೆ ಇಳಿಸಿಡುವ ಹೊಸ ಕಾರ್ಡ್‌ಗಳಿಗೆ ಆ ಗಡುವಿಲ್ಲ. ಆದರೆ ಕಾರ್ಡಿನ ಬ್ಯಾಟರಿ ಕಾಯುವುದು ಕಾರ್ಡಿನ ಮೆಮೊರಿಯನ್ನು ಮಾತ್ರ. ಡಿಸ್ಕ್‌ಗಳ ಒಳಗಿನ ಕ್ಯಾಶ್ ಆನ್ ಆಗಿದ್ದರೆ ಅಲ್ಲಿನ ಡೇಟಾ ಹೋಗಿಯೇ ಹೋಗುತ್ತದೆ.

ಬ್ಯಾಟರಿಗೆ ಆಯಸ್ಸು ಎಂಬುದೂ ಇದೆ. ಒಂದು ಕಚೇರಿಯ ಸರ್ವರ್ ನನ್ನ ಮುಂದೆ ಬಂದಾಗ ಕಾರ್ಡಿನ ಬ್ಯಾಟರಿ ಸತ್ತು ಬಹಳ ತಿಂಗಳಾಗಿತ್ತು. ಸತ್ತ ಕೂಡಲೇ ಕಾರ್ಡ್ ಮಾಡಬೇಕಾದದ್ದನ್ನು ಮಾಡಿತ್ತು: ತನ್ನ ಮೆಮೊರಿಗೆ ಬಂದ ಕೂಡಲೇ ‘ಬರೆದಾಯಿತು’ ಎನ್ನುವ ರೈಟ್ ಬ್ಯಾಕ್‌ನಿಂದ, ಡಿಸ್ಕ್‌ಗೆ ಬರೆದ ಮೇಲೆಯೇ ಹಾಗೆನ್ನುವ ರೈಟ್ ಥ್ರೂಗೆ ಇಳಿದಿತ್ತು. ಎಲ್ಲವೂ ನಿಧಾನವಾಯಿತು, ದೂರುಗಳು ಬಂದವು. ಯಾರೋ ಒಬ್ಬರು ಬ್ಯಾಟರಿ ಕೆಟ್ಟಿದ್ದರೂ ರೈಟ್ ಬ್ಯಾಕ್ ಇರಲಿ ಎಂಬ ಆಯ್ಕೆ ಒತ್ತಿ ವೇಗ ವಾಪಸ್ ತಂದರು. ಆಮೇಲೆ ಒಂದು ದಿನ ಕರೆಂಟು ಹೋಯಿತು. ಎದ್ದಾಗ ಕಾರ್ಡ್ ಪರದೆಯ ಮೇಲೆ ತೋರಿಸಿದ್ದು ಕ್ಯಾಶ್‌ನಲ್ಲಿದ್ದ ಡೇಟಾ ಕಳೆದುಹೋಗಿದೆ ಎಂಬ ಒಂದೇ ಸಾಲು. ಫೈಲ್ ಸಿಸ್ಟಮ್ ಮೌಂಟ್ ಆಗಲಿಲ್ಲ. ಮೂರು ರಾತ್ರಿ ಅದರ ಮುಂದೆ ಕೂತಿದ್ದೆ, ಸಿಕ್ಕಿದ್ದು ಅರ್ಧ. ನಿಮ್ಮಂಥ ಸೆಟಪ್‌ಗೆ ಕಾರ್ಡ್ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಬ್ಯಾಟರಿಯ ಮೇಲೆ ಕಣ್ಣಿಡುವವರು ಇಲ್ಲದ ಕಡೆ ಅದು ಕೊಡುವುದು ಸುಳ್ಳು ಧೈರ್ಯ.

ನಿಮಗೆ ನಾನು ಹೇಳುವ ದಾರಿ ಸಾಫ್ಟ್‌ವೇರ್‌ನಲ್ಲೇ ಇದೆ. ಲಿನಕ್ಸ್ ಕರ್ನಲ್ 4.12ರಿಂದ, ಅಂದರೆ 2017ರಿಂದ, ಎಂಡಿ ರೇಡ್ 5ಕ್ಕೆ ಪಾರ್ಷಿಯಲ್ ಪ್ಯಾರಿಟಿ ಲಾಗ್ ಎಂಬ ಸೌಲಭ್ಯ ಬಂದಿದೆ, ಚಿಕ್ಕದಾಗಿ ಪಿಪಿಎಲ್. ಮೇಲಿನ ಲೆಕ್ಕವನ್ನೇ ಮತ್ತೆ ತೆಗೆದುಕೊಳ್ಳಿ. ಕ ಬದಲಾಗುತ್ತಿದೆ, ಖ ಮತ್ತು ಗ ಬದಲಾಗುತ್ತಿಲ್ಲ. ಬರೆಯುವ ಮುನ್ನವೇ ಎಂಡಿ ಈ ಬದಲಾಗದ ಎರಡರ ಎಕ್ಸ್‌ಆರ್ ತೆಗೆದು, ಅಂದರೆ 0101, ಪ್ಯಾರಿಟಿ ಇರುವ ಡಿಸ್ಕ್‌ನ ಒಂದು ಮೂಲೆಯಲ್ಲಿ ಬರೆದಿಡುತ್ತದೆ. ಕರೆಂಟು ಹೋಯಿತು, ಖ ಡಿಸ್ಕ್ ಸತ್ತಿತು. ಈಗ 0101ಕ್ಕೆ ಗದ 0011 ಸೇರಿಸಿ ಎಕ್ಸ್‌ಆರ್ ಮಾಡಿ: 0110. ಖದಲ್ಲಿ ಇದ್ದದ್ದು ಅದೇ. ಕ ಹಳೆಯದಾಗಿ ಉಳಿದಿರಲಿ, ಹೊಸದಾಗಿರಲಿ, ಅರ್ಧಂಬರ್ಧವಾಗಿರಲಿ, ಖಕ್ಕೆ ಏನೂ ಆಗುವುದಿಲ್ಲ. ಬರೆಯುತ್ತಿದ್ದ ಡೇಟಾ ಹೋದರೆ ಪಿಪಿಎಲ್ ಅದನ್ನು ತಂದುಕೊಡದು. ಮುಟ್ಟದ ಡೇಟಾವನ್ನು ಮಾತ್ರ ಕಾಯುತ್ತದೆ. ಬರೆಯುವ ವೇಗ ಶೇಕಡ 30ರಿಂದ 40ರವರೆಗೆ ಕುಸಿಯಬಹುದು ಎಂದು ಕರ್ನಲ್ ದಾಖಲೆಯೇ ಹೇಳುತ್ತದೆ. ಓದುವ ವೇಗಕ್ಕೆ ಧಕ್ಕೆಯಿಲ್ಲ. ಬಿಟ್‌ಮ್ಯಾಪ್ ಮತ್ತು ಪಿಪಿಎಲ್ ಒಟ್ಟಿಗೆ ಇರಲಾರವು, ಹಾಗಾಗಿ ಮೊದಲು ಬಿಟ್‌ಮ್ಯಾಪ್ ತೆಗೆದು, ಆಮೇಲೆ ಎಂಡಿಯನ್ನು ನಿರ್ವಹಿಸುವ ಎಂಡಿಎಡಿಎಂ ಕಮಾಂಡಿನ ಗ್ರೋ ಮೋಡ್‌ನಲ್ಲಿ ಕನ್ಸಿಸ್ಟೆನ್ಸಿ ಪಾಲಿಸಿಯನ್ನು ಪಿಪಿಎಲ್‌ಗೆ ಬದಲಿಸಿ.

ರೇಡ್ 6 ಇದ್ದವರಿಗೆ ಪಿಪಿಎಲ್ ಸಿಗದು. ಅವರು ಕರ್ನಲ್ 4.4ರಿಂದ ಇರುವ ರೈಟ್ ಜರ್ನಲ್ ನೋಡಬೇಕು. ಡೇಟಾ, ಪ್ಯಾರಿಟಿ ಎರಡೂ ಮೊದಲು ಒಂದು ಪ್ರತ್ಯೇಕ ಎಸ್‌ಎಸ್‌ಡಿಗೆ ಹೋಗಿ ನಂತರ ಅರೇಗೆ ಇಳಿಯುತ್ತವೆ. ಆ ಎಸ್‌ಎಸ್‌ಡಿಗೆ ಕೆಪಾಸಿಟರ್ ರಕ್ಷಣೆ ಇರಲೇಬೇಕು, ಮತ್ತು ಅದು ಸತ್ತರೆ ಅರೇ ಓದಲು ಮಾತ್ರ ಸಿಗುತ್ತದೆ ಎಂಬುದು ನೆನಪಿರಲಿ.

ಹೊಸದಾಗಿ ಕಟ್ಟುವವರಾದರೆ ರೇಡ್ ಮತ್ತು ಫೈಲ್ ಸಿಸ್ಟಮ್ ಎರಡರ ಕೆಲಸವನ್ನೂ ತಾನೇ ಮಾಡುವ ಝಡ್‌ಎಫ್‌ಎಸ್ ಎಂದೇ ನನ್ನ ಸಲಹೆ. ಅದು ಇರುವ ಡೇಟಾದ ಮೇಲೆ ಎಂದೂ ಬರೆಯುವುದಿಲ್ಲ. ಹೊಸ ಬ್ಲಾಕ್ ಹೊಸ ಜಾಗಕ್ಕೆ ಹೋಗುತ್ತದೆ, ಪ್ರತಿ ಬ್ಲಾಕ್‌ಗೆ ತನ್ನದೇ ಸ್ಟ್ರೈಪ್, ತನ್ನದೇ ಪ್ಯಾರಿಟಿ. ಎಲ್ಲ ಬರೆದು ಮುಗಿದ ಮೇಲೆ ಕಡೆಯಲ್ಲಿ ಬ್ಲಾಕ್‌ಗಳ ಮರದ ಬೇರನ್ನು ತೋರಿಸುವ ಗುರುತು ಬದಲಾಗುತ್ತದೆ. ಮಧ್ಯೆ ಕರೆಂಟು ಹೋದರೆ ಹಳೆಯ ಮರ ಹಾಗೇ ಇರುತ್ತದೆ. ಹೋಗುವುದು ಕಡೆಯ ಕೆಲವು ಸೆಕೆಂಡಿನ ಬರವಣಿಗೆ. ಪ್ರತಿ ಬ್ಲಾಕ್‌ಗೂ ಚೆಕ್‌ಸಮ್ ಇರುವುದರಿಂದ ಕೆಟ್ಟ ಡೇಟಾವನ್ನು ಸುಮ್ಮನೆ ಒಳ್ಳೆಯದೆಂದು ಕೊಡುವುದೂ ಇಲ್ಲ. ಬಿಟಿಆರ್‌ಎಫ್‌ಎಸ್ ಕೂಡ ಇದೇ ಜಾತಿಯದಾದರೂ ಅದರ ಸ್ವಂತ ರೇಡ್ 5, ರೇಡ್ 6ರಲ್ಲಿ ರೈಟ್ ಹೋಲ್ ಇದೆ ಎಂದು ಅದನ್ನು ಕಟ್ಟಿದವರೇ ಎಚ್ಚರಿಸಿದ್ದಾರೆ.

ಈಗ ಯುಪಿಎಸ್‌ಗೆ ಬರೋಣ. ಮಷೀನಿಗೆ ಡೇಟಾ ಕೇಬಲ್ ಜೋಡಿಸದ ಯುಪಿಎಸ್ ಅಂದರೆ ಅವಘಡವನ್ನು ಹತ್ತು ನಿಮಿಷ ಮುಂದೂಡುವ ಪೆಟ್ಟಿಗೆ. ಯುಎಸ್‌ಬಿ ಕೇಬಲ್ ಹಾಕಿ, ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಅಥವಾ ಎಪಿಸಿಯುಪಿಎಸ್‌ಡಿ ಎಂಬ ಸಾಫ್ಟ್‌ವೇರ್ ಹಾಕಿಕೊಂಡು, ಬ್ಯಾಟರಿ ಇಳಿಯುತ್ತಿದ್ದಂತೆ ಮಷೀನು ತಾನೇ ಮುಚ್ಚಿಕೊಳ್ಳುವ ಹಾಗೆ ಮಾಡಿ. ಮುಚ್ಚಿಕೊಳ್ಳಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡಿ, ಅದರ ಎರಡರಷ್ಟು ಸಮಯ ಉಳಿದಿರುವಾಗಲೇ ಶುರುವಾಗಲಿ. ಆರು ತಿಂಗಳಿಗೊಮ್ಮೆ ಯುಪಿಎಸ್‌ನ ಪ್ಲಗ್ ಕಿತ್ತು ಪರೀಕ್ಷಿಸಿ. ಇಷ್ಟಾದರೂ ಪವರ್ ಸಪ್ಲೈ ಸುಟ್ಟರೆ, ಒಳಗಿನ ಕೇಬಲ್ ಸಡಿಲಾದರೆ, ಕರ್ನಲ್ ಪ್ಯಾನಿಕ್ ಆಗಿ ಲಿನಕ್ಸೇ ನಿಂತುಹೋದರೆ ಯುಪಿಎಸ್ ನೆರವಿಗೆ ಬರುವುದಿಲ್ಲ. ಪಿಪಿಎಲ್ ಬೇಕಾಗುವುದು ಅದಕ್ಕೇ.

ಇದನ್ನೆಲ್ಲ ನನ್ನ ಮಾತಿನ ಮೇಲೆ ನಂಬಬೇಡಿ, ಪರೀಕ್ಷಿಸಿ. ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಬರೆದ ಡಿಸ್ಕ್‌ಚೆಕರ್ ಎಂಬ ಸಣ್ಣ ಪರ್ಲ್ ಸ್ಕ್ರಿಪ್ಟ್ ಇದೆ. ಎರಡು ಮಷೀನು ಬೇಕು. ಪರೀಕ್ಷೆಯ ಮಷೀನು ಡಿಸ್ಕ್‌ಗೆ ಬರೆಯುತ್ತಾ, ಡಿಸ್ಕ್ ‘ಬರೆದಾಯಿತು’ ಎಂದ ಪ್ರತಿ ಸಲವೂ ಅದನ್ನು ಎರಡನೆಯ ಮಷೀನಿಗೆ ವರದಿ ಮಾಡುತ್ತದೆ. ಬರೆಯುತ್ತಿರುವಾಗಲೇ ಗೋಡೆಯ ಪ್ಲಗ್ ಎಳೆಯಿರಿ. ಮತ್ತೆ ಆನ್ ಮಾಡಿ ಎರಡೂ ಕಡೆಯ ಲೆಕ್ಕ ತಾಳೆ ನೋಡಿ. ಬರೆದಾಯಿತು ಎಂದು ವರದಿಯಾದದ್ದು ಡಿಸ್ಕ್‌ನಲ್ಲಿ ಇಲ್ಲದಿದ್ದರೆ, ಆ ಡಿಸ್ಕ್ ಅಥವಾ ಅದರ ಮೇಲಿನ ಯಾವುದೋ ಪದರ ಸುಳ್ಳು ಹೇಳುತ್ತಿದೆ. ರೀಸೆಟ್ ಬಟನ್ ಒತ್ತಿ ಮಾಡುವ ಪರೀಕ್ಷೆಗೆ ಅರ್ಥವಿಲ್ಲ, ಡಿಸ್ಕ್‌ನ ಕರೆಂಟು ಆಗ ಹೋಗುವುದೇ ಇಲ್ಲ. ಡೇಟಾ ತುಂಬುವ ಮುಂಚೆ, ಖಾಲಿ ಡಿಸ್ಕ್‌ಗಳ ಮೇಲೆ ಮಾತ್ರ ಇದನ್ನು ಮಾಡಿ.

ನಿಮ್ಮ ಅರೇಯ ಮೇಲೆ ಈ ವಾರವೇ ಒಂದು ಚೆಕ್ ಓಡಿಸಿ, ಮಿಸ್‌ಮ್ಯಾಚ್ ಎಣಿಕೆ ಸೊನ್ನೆ ಇದೆಯೇ ನೋಡಿ. ಸೊನ್ನೆ ಬಂದರೆ ಪ್ಯಾರಿಟಿ ಡೇಟಾಕ್ಕೆ ಹೊಂದುತ್ತಿದೆ ಎಂದಷ್ಟೇ ಅರ್ಥ. ಆ ಎರಡು ಸಲ ಕಾಪಿ ಆಗುತ್ತಿದ್ದ ಫೈಲುಗಳನ್ನು ಮೂಲದೊಂದಿಗೆ ಚೆಕ್‌ಸಮ್ ಹಾಕಿ ಹೋಲಿಸಿ. ಗಾತ್ರ ಸರಿ ಇದೆ ಎಂದು ಸುಮ್ಮನಾಗಬೇಡಿ. ಬ್ಯಾಕಪ್ ಅರೇಯ ಹೊರಗೆ ಇರಲಿ.

ಮುಂದೆ ಎಂದಾದರೂ ಕರೆಂಟು ಹೋಗಿ, ಒಂದು ಡಿಸ್ಕೂ ಹೋಗಿ, ಎಂಡಿ ಅರೇಯನ್ನು ಶುರು ಮಾಡಲು ಒಪ್ಪದಿದ್ದರೆ ಅದು ಹಟ ಮಾಡುತ್ತಿದೆ ಅಂದುಕೊಳ್ಳಬೇಡಿ. ಡಿಗ್ರೇಡ್ ಆಗಿರುವ, ಅರ್ಧಕ್ಕೆ ನಿಂತ ಅರೇಯಲ್ಲಿ ಪ್ಯಾರಿಟಿಯನ್ನು ನಂಬಲಾಗದು ಎಂದು ಗೊತ್ತಿದ್ದೇ ಅದು ಕೈ ಎತ್ತುವುದು. ಅಲ್ಲಿ ಗಾಬರಿಯಲ್ಲಿ ಫೋರ್ಸ್ (ಬಲವಂತವಾಗಿ ಶುರು ಮಾಡುವ ಆಯ್ಕೆ) ಒತ್ತಬೇಡಿ. ಉಳಿದ ಮೂರೂ ಡಿಸ್ಕ್‌ಗಳ ಪೂರ್ತಿ ನಕಲನ್ನು ಬೇರೆ ಡಿಸ್ಕ್‌ಗಳಿಗೆ ತೆಗೆದು, ಫೋರ್ಸ್ ಪ್ರಯೋಗ ಆ ನಕಲುಗಳ ಮೇಲೆ ಮಾಡಿ, ಓದಲು ಮಾತ್ರ ಎಂದು ಮೌಂಟ್ ಮಾಡಿ, ಬ್ಯಾಕಪ್‌ನ ಚೆಕ್‌ಸಮ್ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಫೈಲು ತಾಳೆ ನೋಡುತ್ತಾ ಹೋಗಿ.